ಹೊಸಗಿರಿ ಮಾರ್ಗ ಮುಚ್ಚಿದ ಕಥೆ

ತವನಪ್ಪ ಸಾಂಗಲಿ ಪಕ್ಕದ ಕುಪವಾಡ ಕೈಗಾರಿಕಾ ವಸಾಹತಿನ ಒಂದು ಎರಕದ ಕಾರ್ಖಾನೆಯಲ್ಲಿ ಕಟ್ಟಿಗೆಯ ಅಚ್ಚು ಮಾಡುವವನು. ಕೈ ಚುರುಕು, ಬಾಯಿ ಮಾತ್ರ ಸಂಕೋಚದ್ದು. ಮದುವೆ ಮನೆಗೆ ಹೋದರೂ ಮೂಲೆ ಹಿಡಿದು ಕೂತು, ಉಂಡು, ಎದ್ದು ಬರುವ ಮನುಷ್ಯ. ಐವತ್ತು ದಾಟಿದ ಮೇಲೆ ಅವನಿಗೊಂದು ಹುಚ್ಚು ಹತ್ತಿತು. ವಿಶ್ರಾಮಬಾಗದ ಮನೆಯ ಮಾಳಿಗೆಯ ಖೋಲಿಯಲ್ಲಿ ಮಂಚದಷ್ಟಗಲದ ಪ್ಲೈವುಡ್ಡು ಹಾಸಿ, ಅದರ ಮೇಲೆ ಪುಟ್ಟ ರೈಲು ಕಟ್ಟತೊಡಗಿದ. ಹಳಿ, ಸ್ಟೇಷನ್ನು, ಅರಿಶಿಣದ ಗೋದಾಮು, ದ್ರಾಕ್ಷಿಯ ತೋಟ, ಬೆರಳ ತುದಿಯಷ್ಟೆತ್ತರದ ಮನುಷ್ಯರು. ಹೆಂಡತಿ ಶಾಲನ ಮೊದಮೊದಲು ನಕ್ಕಳು. ಆಮೇಲೆ ತಾನೇ ಹಳೆಯ ಸೀರೆಯ ಅಂಚು ಕತ್ತರಿಸಿ ಆ ಮನುಷ್ಯರ ತಲೆಗೆ ಪಟಕಾ ಸುತ್ತಿಕೊಟ್ಟಳು.

ಅದೇ ಹುಚ್ಚಿನ ಇನ್ನೊಬ್ಬ, ಪ್ರತಾಪ ಎಂಬ ಕಾಲೇಜು ಮಾಸ್ತರ, ಒಮ್ಮೆ ನೋಡಲು ಬಂದ. ಬಗ್ಗಿ ಬಗ್ಗಿ ನೋಡಿ ಮೆಚ್ಚಿಕೊಂಡ. ಹೋಗುವಾಗ ಮರಾಠಿಯಲ್ಲಿ ಕೇಳಿದ: ಇದು ಯಾವ ಊರಿಗೆ ಹೋಗುವ ರೈಲು? ಯಾರು ಹಾಕಿಸಿದರು? ಈಗ ಯಾಕಿಲ್ಲ? ಕಥೆ ಇಲ್ಲದಿದ್ದರೆ ಇದು ಬರೀ ಆಟಿಕೆ.

ಆ ಮಾತು ತವನಪ್ಪನಿಗೆ ನಾಟಿತು. ಅಂದಿನಿಂದ ಅಚ್ಚಿಗೆ ಉಜ್ಜುಗಾಗದ ತಿಕ್ಕುತ್ತಲೇ ಕಥೆ ಹೊಸೆದ. ಮಿರಜದಿಂದ ಹೊಸಗಿರಿ ಎಂಬ, ಯಾವ ನಕಾಶೆಯಲ್ಲೂ ಇಲ್ಲದ ಊರಿಗೆ ವ್ಯಾಪಾರಿಗಳು ಅರಿಶಿಣ ಸಾಗಿಸಲು ಹಾಕಿಸಿದ ಸಣ್ಣ ಮಾರ್ಗ. ಡಾಂಬರು ರಸ್ತೆ ಬಂತು, ರೈಲು ನಿಂತಿತು. ಕೇಳಿದವರು ಆಕಳಿಸಿದರು. ಆಗ ಅವನು ಕೊನೆಯನ್ನು ಬದಲಿಸಿದ. ಹೊಸಗಿರಿಯ ಗೇಟು ಕಾಯುವವನು ಕಂಠಮಟ್ಟ ಕುಡಿದು ಮಲಗಿದ. ಗೇಟು ತೆರೆದೇ ಉಳಿಯಿತು. ರೈಲು ಎತ್ತಿನ ಗಾಡಿಗೆ ಬಡಿಯಿತು. ಜನ ರೈಲು ಹತ್ತುವುದನ್ನೇ ಬಿಟ್ಟರು. ಪ್ರತಾಪ ಹೊಟ್ಟೆ ಹಿಡಿದು ನಕ್ಕ. ತನ್ನ ಮಾತಿಗೆ ಒಬ್ಬರು ಹಾಗೆ ನಕ್ಕಿದ್ದನ್ನು ತವನಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದರ ರುಚಿ ಹತ್ತಿತು.

ಆದರೆ ಗೇಟಿನವನು ಅವನ ತಲೆಯಲ್ಲಿ ಹುಟ್ಟಿದವನಲ್ಲ. ಅವನ ತಾಯಿಯ ತಂಗಿ ಮಾಣಿಕಬಾಯಿ ಮಾವಶಿಯ ಗಂಡ ನೇಮಗೊಂಡ ಕಾಕಾ ನಿಜವಾಗಿಯೂ ಒಂದು ರೈಲು ಗೇಟು ಕಾಯುತ್ತಿದ್ದ. ಶಾಲೆಯ ರಜೆಯಲ್ಲಿ ಹೋದ ಹುಡುಗ ತವನಪ್ಪನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹಸಿರು ಬಾವುಟ ಹಿಡಿಸುತ್ತಿದ್ದ. ದಾಟಲು ಅವಸರ ಮಾಡುವವರಿಗೆಲ್ಲ “ತಡೀರಿ ಮಹಾರಾಜಾ, ಗಾಡಿ ಬರಾಕತ್ತೈತಿ” ಅನ್ನುತ್ತಿದ್ದ. ಒಂದು ನಸುಕಿನಲ್ಲಿ ಗೇಟು ತೆರೆದೇ ಉಳಿದು ಯಾರದೋ ಜೋಡೆತ್ತು ಸತ್ತವು. ಕಾಕಾ ನೌಕರಿ ಬಿಟ್ಟು ಲಿಂಗನೂರಿಗೆ ಬಂದು ಹೊಲ ಹಿಡಿದ. ಕುಡಿದಿದ್ದನಂತೆ ಎಂದು ಊರು ಆಡಿಕೊಂಡಿತು. ಆತ ತೀರಿಕೊಂಡೇ ಬಹಳ ವರ್ಷಗಳಾಗಿದ್ದವು. ಹೆಸರು ಹೇಳುವುದಿಲ್ಲವಲ್ಲ, ಯಾರಿಗೆ ತಿಳಿಯುತ್ತದೆ ಎಂದು ತವನಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಳುತ್ತಾ ಹೇಳುತ್ತಾ ಗೇಟಿನವನಿಗೆ ತೊದಲು ಬಂತು, ತೂರಾಟ ಬಂತು. ಕೊನೆಗೆ ಆ ‘ಮಹಾರಾಜಾ’ ಕೂಡ ಬಂತು.

ಕಳೆದ ಚಳಿಗಾಲ ವಿಶ್ರಾಮಬಾಗದ ಒಂದು ಸಭಾಗೃಹದಲ್ಲಿ ಹವ್ಯಾಸಿಗಳ ಪ್ರದರ್ಶನವಿತ್ತು. ಹೊಸಗಿರಿಯ ಸುತ್ತ ಜನ ಮುಕುರಿದರು. ತವನಪ್ಪ ಇಸ್ತ್ರಿ ಅಂಗಿ ತೊಟ್ಟು ಮರಾಠಿಯಲ್ಲಿ ಕಥೆ ಹೇಳಿದ. ಕಥೆ ಗೇಟಿನ ಹತ್ತಿರ ಬಂದಾಗ ಧೋತರ ಜಾರಿದವನಂತೆ ಸೊಂಟ ಹಿಡಿದು ತೂರಾಡಿ, “ತಡೀರಿ ಮಹಾರಾಜಾ” ಎಂದು ಕನ್ನಡದಲ್ಲೇ ತೊದಲಿದ. ಜನ ಹೋ ಎಂದು ನಕ್ಕರು. ನಗೆಯ ನಡುವೆ ತಲೆ ಎತ್ತಿದರೆ ಎದುರಿಗೆ ಶಾಲನ. ಅವಳ ತೋಳು ಹಿಡಿದುಕೊಂಡು ಮಾಣಿಕಬಾಯಿ ಮಾವಶಿ. ಗಂಡನಿಗೆ ತಿಳಿಸದೆ, ಸಂತೋಷವಾಗಲೆಂದು, ಶಾಲನ ಬೆಳಿಗ್ಗೆ ರಿಕ್ಷಾ ಕಳಿಸಿ ಮುದುಕಿಯನ್ನು ಲಿಂಗನೂರಿನಿಂದ ಕರೆಸಿದ್ದಳು.

ಮಾವಶಿ ನಗಲಿಲ್ಲ, ಅಳಲೂ ಇಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು. ತವನಪ್ಪ ಕಥೆಯನ್ನು ಅರ್ಧಕ್ಕೇ ಬಿಟ್ಟು ಹಿಂದೆ ಹೋದ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

“ಮಾವಶಿ, ಒಳಗ ಬರ್ರಿ. ಬಿಸಲಾಗ ಯಾಕ ಕುಂತ್ರಿ.”

“ಇರ್ಲಿ ಬಿಡೊ.” ರಸ್ತೆಯ ಕಡೆಗೇ ಮುಖ ಮಾಡಿ ಅಂದಳು: “ಅಂವ ಕುಡದಿದ್ದಿಲ್ಲ, ತವನ್ಯಾ. ಬದ್ಲಿ ಆಳು ಬರ್ಲಿಲ್ಲಂತ ಹಗಲೂ ರಾತ್ರಿ ತಾನ ಕಾದಿದ್ದ. ನಿದ್ದಿ ಹತ್ತಿತ್ತು. ಅಷ್ಟ.”

ತವನಪ್ಪ ಅವಳ ಕೆಳಗಿನ ಮೆಟ್ಟಿಲಿಗೆ ಇಳಿದು ನಿಂತ. “ಅದು ಕಾಕಾಂದಲ್ರಿ. ಸುಮ್ನ ಮಾಡಿದ್ ಕಥಿ.”

ಆಡಿದ ಮರುಗಳಿಗೆಯೇ ಆ ಸುಳ್ಳು ಅವನ ಮುಖಕ್ಕೆ ಹೊಡೆಯಿತು. ಮಾವಶಿ ಅವನನ್ನು ಮೊದಲ ಸಲ ಪೂರ್ತಿ ನೋಡಿದಳು.

“ಊರು ಮಾಡ್ದಿ, ಸ್ಟೇಷನ್ ಮಾಡ್ದಿ. ಇಲ್ಲದ್ದೆಲ್ಲಾ ಮಾಡ್ದಿ. ಅಂವ ಗೇಟ್ ಹಾಕಿದ ಅಂತ ಮಾಡಾಕ ನಿನಗೇನಾಗಿತ್ತೊ?”

ಅವಳು ಅಲ್ಲಿಂದಲೇ ರಿಕ್ಷಾ ಹಿಡಿದು ಲಿಂಗನೂರಿಗೆ ಮರಳಿದಳು.

ಮನೆಗೆ ಬಂದ ಮೇಲೆ ಶಾಲನ ಬಯ್ಯಲಿಲ್ಲ. “ಅಕ್ಕನ ಮಗ ಎಷ್ಟ್ ಶಾಣ್ಯಾ ಆಗ್ಯಾನ, ಮಾವಶಿ ನೋಡ್ಲಿ ಅಂತ ಕರ್ಸಿದ್ದೆ” ಎಂದಷ್ಟೇ ಅಂದು ತಾಟು ಇಟ್ಟಳು. ತವನಪ್ಪ ತಾಟು ಸರಿಸಿ ಎದ್ದ. ಕಾರ್ಖಾನೆಯಲ್ಲಿ ಯಾರಾದರೂ ನಕ್ಕರೆ ಸಾಕು, ಕಿವಿ ಬಿಸಿಯಾಗುತ್ತಿತ್ತು. ಸಾಂಗಲಿಯ ಒಂದು ಶಾಲೆಯವರು ರೈಲು ತಂದು ಕಥೆ ಹೇಳಿರೆಂದು ಫೋನು ಮಾಡಿದಾಗ, ಆರಾಮಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದ.

ಹದಿನೈದು ದಿನ ಮುಂದೂಡಿ ಒಂದು ರವಿವಾರ ಲಿಂಗನೂರಿಗೆ ಹೋದ. ತಪ್ಪಾಯಿತು ಅನ್ನಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಮಾವಶಿ ಬಾಗಿಲಲ್ಲಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು.

“ಬಾ. ಉಂಡು ಹೋಗು” ಅಂದಳು.

ಅವನು ಅವಳ ಪಕ್ಕದಲ್ಲಿ ನೆಲಕ್ಕೆ ಕೂತ. “ಮಾವಶಿ, ಅವತ್ತು ನಾ...”

ಅಷ್ಟರಲ್ಲಿ ಪಕ್ಕದ ಮನೆಯ ಸರುಬಾಯಿ ಮಜ್ಜಿಗೆ ಕೇಳಲು ಬಂದಳು. “ಯಾರಿವ್ರು?” ಎಂದು ಕೇಳಿದಳು.

“ನಮ್ಮಕ್ಕನ ಮಗ” ಅಂದಳು ಮಾವಶಿ. “ರೈಲು ಮಾಡ್ತಾನ. ಮಿರಜ, ಸಾಂಗ್ಲಿ ಮಂದಿ ಎಲ್ಲಾ ನೋಡಾಕ ಬರ್ತಾರ. ನಮ್ಮ ಮನಿಯವ್ರ ಹೆಗಲ ಮ್ಯಾಲೆ ಕುಂತ ಕಲ್ತಾಂವ.”

ಆ ಮಾತಿನಲ್ಲಿ ಕುಟುಕಿರಲಿಲ್ಲ. ಇದ್ದಿದ್ದರೆ ತವನಪ್ಪನಿಗೆ ಹಗುರವಾಗುತ್ತಿತ್ತೇನೊ. ಸರುಬಾಯಿ ಮೆಚ್ಚುಗೆಯಿಂದ ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿ, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಹುರುಳಿಯಲ್ಲಿ ಹರಳು ಹುಡುಕತೊಡಗಿದ.