ಹೊಗೆ ಕಾರುವ ಒಲೆಯ ಮನೆ

ಮಿಸಿಸಾಗದ ಸಮುದಾಯ ಕೇಂದ್ರದಲ್ಲಿ ವಲಸೆ ಬಂದವರ ಫೋಟೋ ಪ್ರದರ್ಶನವಿತ್ತು. ಫೋಟೋಗಳಡಿ ವಿವರಣೆ ಟೈಪ್ ಮಾಡುವ ಕೆಲಸ ನನಗೆ ಬಿತ್ತು. ಪೋಲೆಂಡ್-ಜರ್ಮನಿ ಗಡಿ ಊರಿನ ಒಂದು ಮನೆಯ ಫೋಟೋಗೆ ಇಬ್ಬರು ವಾರಸುದಾರರು.

"ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮನ್ನು ಓಡಿಸಿದರು ಅಂತ ಬರಿ," ಎಂದರು ಜರ್ಮನ್ ಅಜ್ಜ.

"ನಮ್ಮನ್ನೂ ನಮ್ಮೂರಿಂದ ಓಡಿಸಿಯೇ ಅಲ್ಲಿಗೆ ತಂದು ಹಾಕಿದ್ದು. ಮನೆ ಖಾಲಿ ಇತ್ತು ಅಂತ ಬರಿ," ಎಂದರು ಪೋಲಿಷ್ ಅಜ್ಜಿ.

ಬರೆದು ಅಳಿಸಿ, ಬರೆದು ಅಳಿಸಿ ನನ್ನ ತಲೆ ಕೆಟ್ಟಿತು. "ಹೋಗಲಿ, ಅಡುಗೆಮನೆ ಹೇಗಿತ್ತು?" ಅಂದೆ.

"ಒಲೆ ಬರೀ ಹೊಗೆ ಕಾರುತ್ತಿತ್ತು!" ಇಬ್ಬರೂ ಒಟ್ಟಿಗೇ ಹೇಳಿ ನಕ್ಕುಬಿಟ್ಟರು. ಮೊದಲು ಅದನ್ನೇ ಬರೆದೆ, ಕೆಳಗೆ ಇಬ್ಬರ ಮಾತನ್ನೂ ಸೇರಿಸಿದೆ. ಒಪ್ಪಿದರು. ಹೋದ ಜೀವ ಬಂದಂತಾಯಿತು.

"ಗಡಿ ಜಗಳ ಕಂಡವನಲ್ಲ ನೀನು, ಅದಕ್ಕೇ ನ್ಯಾಯವಾಗಿ ಬರೆದೆ," ಎಂದು ಅಜ್ಜಿ ಬೆನ್ನು ತಟ್ಟಿದರು.

ನಾನು ಬೆಳಗಾವಿಯವನು ಅಂತ ಹೇಳಲು ಹೋಗಲಿಲ್ಲ.