ಎಡಗೈಯ ಕಡಬು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕೋಳಿ ಸಾರು ಕುದಿಯುತ್ತಿದ್ದದ್ದು ತಿಂಗಳಿಗೆ ಒಂದೇ ಸಲ, ಅದೂ ಭಾನುವಾರ. ಆಂಟಾಪ್ ಹಿಲ್‌ನ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅಕ್ಕನ ಮತ್ತು ನನ್ನ ಜಗಳವೂ ಅದರಲ್ಲೇ. ಅವ್ವ ಸ್ಟೋವಿಗೆ ಪಂಪ್ ಹೊಡೆದು ಒಣಕೊಬ್ಬರಿ, ಉಳ್ಳಾಗಡ್ಡಿ ಸುಡಲು ಕೂತರೆ ಸೀಮೆಎಣ್ಣೆಯ ವಾಸನೆಯೂ ಮಸಾಲೆಯ ಘಮವೂ ಕಲೆತು ಚಾಳಿನ ಆ ತುದಿಯವರೆಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಇವತ್ತೇನು ಅಡುಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಸಾರಿನ ಜೊತೆಗೆ ಕಡಬು. ಸಿಹಿ ಕಡುಬು ಅಂದುಕೊಂಡು ನೀವು ಬಾಯಿ ಚಪ್ಪರಿಸಬೇಡಿ, ಇದು ಜೋಳದ್ದು. ಕುದಿಯುವ ನೀರಿಗೆ ಜೋಳದ ಹಿಟ್ಟು ಸುರಿದು ತಿರುವಿ, ಕೈ ಚುರ್ ಅನ್ನುವಾಗಲೇ ನಾದಬೇಕು. ಪರಾತದ ಅಗಲ ತಾಟಿನಲ್ಲಿ ನಿಂಬೆಕಾಯಿಯಷ್ಟು ಉಂಡೆ ಉರುಳಿಸಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಕುದಿಯುವ ಸಾರಿಗೆ ಬಿಡಬೇಕು. ಗುಳಿ ಇದ್ದರೆ ಒಳಗೂ ಬೇಯುತ್ತದೆ, ಸಾರೂ ಅಲ್ಲೇ ನಿಲ್ಲುತ್ತದೆ. ಹಿಟ್ಟು ನಾದುವುದು ಅವ್ವ, ಗುಳಿ ಒತ್ತುವುದು ಮಾತ್ರ ಅಪ್ಪ. ಅಪ್ಪ ಗೌಂಡಿ ಕೆಲಸದವನು. ಇಟ್ಟಿಗೆಯ ಸಾಲು ನೂಲು ಹಿಡಿದ ಹಾಗೆ ಬರಬೇಕು ಅನ್ನುವ ಮನುಷ್ಯ. ಅವನ ಕಡಬುಗಳೂ ಒಂದರಂತೆ ಇನ್ನೊಂದು ಇರುತ್ತಿದ್ದವು.

ಅಪ್ಪನಿಗೆ ಇನ್ನೊಂದು ಹಟವಿತ್ತು. ಎಡಗೈ ಊಟಕ್ಕೆ ತಾಗಬಾರದು. ನಾನು ಮರೆತು ಎರಡೂ ಕೈಯಿಂದ ರೊಟ್ಟಿ ಮುರಿದರೆ ಬೆರಳ ಗಂಟಿನ ಮೇಲೆ ಟಪ್ ಎಂದು ಒಂದು ಬೀಳುತ್ತಿತ್ತು. ಕಡಬು ಮಾಡುವಾಗಲೂ ಅಪ್ಪ ಎಡಗೈಯನ್ನು ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದ.

ಒಂದು ವರ್ಷ ದಸರೆ ಕಳೆದ ಮೇಲೆ, ದಾದರಿನಲ್ಲಿ ಕಟ್ಟಡ ಕಟ್ಟುವಾಗ ಕಲ್ಲು ಜಾರಿ ಅಪ್ಪನ ಬಲಗೈ ಮೇಲೆ ಬಿತ್ತು. ಗಾಯ ಮಾಯಿತು, ಆದರೆ ಹೆಬ್ಬೆರಳು ಮಡಚಲೇ ಇಲ್ಲ, ಕಟ್ಟಿಗೆಯ ಹಾಗೆ ನಿಂತುಬಿಟ್ಟಿತು. ತುತ್ತು ಹಿಡಿಯಲು ಬರುತ್ತಿರಲಿಲ್ಲ. ಅವ್ವ ಚಮಚ ಕೊಟ್ಟಳು. ಅದನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಉಣ್ಣುವಾಗ ಅರ್ಧ ಚೆಲ್ಲುತ್ತಿತ್ತು. ನಾವು ನೋಡಬಾರದೆಂದು ಅಪ್ಪ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದ. ಮೂರು ತಿಂಗಳು ನಾನು ಅಪ್ಪನ ಬೆನ್ನು ನೋಡಿಕೊಂಡು ಉಂಡೆ. ಅಷ್ಟು ಬೇಸರದ ಊಟ ನಾನು ಆಮೇಲೆ ಎಂದೂ ಉಂಡಿಲ್ಲ. ಅಪ್ಪ ಒಮ್ಮೆ ನಮ್ಮ ಕಡೆ ತಿರುಗಿ ಕೂತರೆ ಸಾಕು ಅನ್ನಿಸುತ್ತಿತ್ತು, ಬೇರೇನೂ ಬೇಕಿರಲಿಲ್ಲ.

ಆ ಮೂರು ತಿಂಗಳು ಮನೆಯಲ್ಲಿ ಕೋಳಿ ಸಾರಿನ ಹೆಸರೇ ಇಲ್ಲ. ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ಅವ್ವ ಯಾರನ್ನೂ ಕೇಳದೆ ಬೆಳಿಗ್ಗೆಯೇ ಹೋಗಿ ಕೋಳಿ ತಂದಳು. ಅಕ್ಕ ಖಾರಕ್ಕೆ ಕಣ್ಣೀರು ಸುರಿಸಿ, ಮೂಗು ಸೇದುತ್ತಾ ಮಸಾಲೆ ಅರೆದಳು. ಸಾರು ಕುದಿ ಬಂದಾಗ ಅವ್ವ ಹಿಟ್ಟಿನ ಪರಾತವನ್ನು ನನ್ನ ಮುಂದೆ ತಳ್ಳಿ, ಇವತ್ತು ಗುಳಿ ಒತ್ತುವುದು ನಿನ್ನ ಕೆಲಸ ಎಂದಳು. ನನಗೆ ಎಲ್ಲಿಲ್ಲದ ಜಂಬ ಬಂತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದೆ. ಬೆರಳು ಆ ಕಡೆ ಹೊರಬಂತು. ಇನ್ನೊಂದೂ ಹಾಗೇ ಆಯಿತು, ಮತ್ತೊಂದೂ ಹಾಗೇ.

“ಅವ್ವಾ, ಇಂವ ಮೆದುವಡೆ ಮಾಡಾಕತ್ತಾನ,” ಎಂದಳು ಅಕ್ಕ.

ಸಾರಿಗೆ ಬಿಟ್ಟ ಎರಡು ಆಗಲೇ ಒಡೆದು ಹೋಳಾಗಿದ್ದವು. ಇನ್ನೂ ನಾಲ್ಕು ಬಿಟ್ಟಿದ್ದರೆ ಸಾರು ಹೋಗಿ ಅಂಬಲಿ ಆಗುತ್ತಿತ್ತು. ಬಾಗಿಲಲ್ಲಿ ಕೂತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. ಕೆಟ್ಟ ಕೆಲಸ ನೋಡಿಕೊಂಡು ಸುಮ್ಮನಿರುವ ಜಾಯಮಾನವೇ ಅವನದಲ್ಲ. ಎದ್ದು ಬಂದು ಪರಾತದ ಮುಂದೆ ಕೂತ. ಬಲಗೈ ಹಿಟ್ಟಿನ ಮೇಲೆ ಹೋಯಿತು. ಮಡಚದ ಹೆಬ್ಬೆರಳು ತಾಗಿ ಉಂಡೆ ಉರುಳಿ ಆಚೆ ಹೋಯಿತು. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಅವನ ಎಡಗೈ ತೊಡೆಯಿಂದ ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು.

ಅವ್ವ ಅದನ್ನು ಯಾವಾಗ ನೋಡಿದಳೋ, ಸೌಟು ಆಡಿಸುವುದನ್ನು ಬಿಡದೆಯೇ ಹೇಳಿದಳು: “ಆ ಕೈನೂ ನಿಮ್ದ ಅಲ್ಲೇನ್ರಿ? ಮಂದೀದಲ್ಲಲ್ಲ.”

ಅಪ್ಪ ನೋಡಿದ್ದು ಅವ್ವನನ್ನಲ್ಲ, ನನ್ನನ್ನು. ಟಪ್ ಎಂದು ಪೆಟ್ಟು ತಿಂದವನು ನಾನೇ ತಾನೇ? ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಒಂದು ಉಂಡೆಗೆ ಎಡಗೈಯ ಹೆಬ್ಬೆರಳು ಒತ್ತಿದೆ. ಒತ್ತಿ, ಪೆಟ್ಟಿಗಾಗಿ ಕಾದೆ.

ಪೆಟ್ಟು ಬೀಳಲಿಲ್ಲ. “ಹಂಗ ಗುದ್ದಬ್ಯಾಡೋ. ಸಾವಕಾಶ ಒತ್ತು,” ಎಂದು ಅಪ್ಪ ತಾನೂ ಎಡಗೈಯಿಂದ ಒಂದು ಒತ್ತಿದ. ಗುಳಿ ನಡುವೆ ಬೀಳದೆ ಒಂದು ಬದಿಗೆ ಬಿತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಗ್ವಾಡಿ ವಾರಿ ಆತು ನೋಡು,” ಎಂದು ನಕ್ಕ. ಮೂರು ತಿಂಗಳಾದ ಮೇಲೆ ಅಪ್ಪ ನಕ್ಕದ್ದು ಅಂದೇ. ಅಕ್ಕನೂ ಬಂದು ಕೂತಳು. ಪರಾತ ಖಾಲಿಯಾಗುವವರೆಗೆ ಮೂವರೂ ಎಡಗೈಯಲ್ಲೇ ಒತ್ತಿದೆವು.

ಊಟಕ್ಕೆ ಅವ್ವ ಎಂದಿನ ಹಾಗೆ ಅಪ್ಪನ ತಾಟನ್ನು ಗೋಡೆಯ ಹತ್ತಿರ ಇಟ್ಟಳು. ಅಪ್ಪ ಅದನ್ನು ಎತ್ತಿ ತಂದು ನನ್ನ ಎದುರಿಗೆ ಇಟ್ಟುಕೊಂಡು ಕೂತ. ವಾರೆ ಗುಳಿಗಳಲ್ಲಿ ಕೆಂಪು ಸಾರು ನಿಂತಿತ್ತು. ನಡುವೆ ಒಮ್ಮೆ ಚಮಚ ಜಾರಿ ಅಂಗಿಯ ಮೇಲೆ ಸಾರು ಚೆಲ್ಲಿತು. ಅಪ್ಪ ಒರೆಸಿಕೊಂಡು ಅಲ್ಲೇ ಕೂತು ಉಂಡ.

ಮಕ್ಕಳೇ, ಗೋರೆಗಾಂವಿನ ನಮ್ಮ ಈ ಬಿಲ್ಡಿಂಗಿನಲ್ಲಿ ಕೋಳಿ ಲಿಫ್ಟಿನಲ್ಲಿ ಬರುತ್ತದೆ, ತುಂಡು ಮಾಡಿಸಿಕೊಂಡು, ಚೀಲದೊಳಗೆ ಕೂತು. ಮಸಾಲೆಯನ್ನು ಮಿಕ್ಸರ್ ಅರೆಯುತ್ತದೆ, ಯಾರ ಕಣ್ಣಲ್ಲೂ ನೀರಿಲ್ಲ. ನನಗೇನೂ ಬೇಜಾರಿಲ್ಲ, ಅಕ್ಕನ ಕಣ್ಣೀರು ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಮೊನ್ನೆ ಊಟಕ್ಕೆ ಬಂದವರೊಬ್ಬರು ಎಡಗೈಯಲ್ಲಿ ಉಣ್ಣಬಾರದು ಅಂದಾಗ, ಹುಟ್ಟಿನಿಂದ ಎಡಗೈಯವಳಾದ ಚಿಕ್ಕ ಮೊಮ್ಮಗಳೇ, ನೀನು ತಟ್ಟೆ ಎತ್ತಿಕೊಂಡು ಒಳಗಿನ ಕೋಣೆಗೆ ಹೋದೆ. ನನಗೆ ನಿನ್ನ ಬೆನ್ನು ಕಂಡಿತು. ಆ ಬೆನ್ನು ನೋಡಿಯೇ ಇದನ್ನೆಲ್ಲ ಹೇಳಿದೆ. ಈ ಭಾನುವಾರ ಕಡಬು ಮಾಡೋಣ. ಗುಳಿ ನೀನೇ ಒತ್ತು, ನಿನಗೆ ಬರುವ ಕೈಯಲ್ಲೇ. ನಾನು ನಿನ್ನ ಎದುರಿಗೇ ಕೂತು ಉಣ್ಣುತ್ತೇನೆ.