ಪರೇಲ್ ಕಚೇರಿಯ ಇಬ್ಬರು ಗಣೇಶರು

೧೯೯೩ರ ಜೂನ್, ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಪರೇಲಿನ ನಮ್ಮ ಕಚೇರಿಯಲ್ಲಿದ್ದವರು ಮೂವರು: ಸೂಪರಿಂಟೆಂಡೆಂಟ್ ಆಗಿದ್ದ ನಾನು, ದಹಿಸರಿನಿಂದ ಬರುತ್ತಿದ್ದ ಕಂಪ್ಯೂಟರ್ ಸಹಾಯಕಿ, ಪಕ್ಕದ ಕೋಣೆಯಲ್ಲಿ ಉಡುಪಿ ಕಡೆಯ ಸ್ಟೋರ್‌ಕೀಪರ್.

ಸಹಾಯಕಿಯ ಪ್ರೊಬೇಷನ್ ಅಂದಿಗೆ ಮುಗಿಯುತ್ತಿತ್ತು. ಕಚೇರಿಯ ನಾಲ್ಕು ಕಂಪ್ಯೂಟರುಗಳನ್ನು ತಂತಿ ಎಳೆದು ಜೋಡಿಸಿದವಳು ಅವಳೇ. ಸಂಜೆ ಐದರೊಳಗೆ ಸ್ಟಾಕ್ ಪಟ್ಟಿ ಆ ಜೋಡಣೆಯ ಮೂಲಕ ಮುದ್ರಣವಾಗಿ ಬರದಿದ್ದರೆ ಅವಳನ್ನು ಖಾಯಂ ಮಾಡುವುದಿಲ್ಲ ಎಂದು ಮ್ಯಾನೇಜರ್ ಹೇಳಿದ್ದರು. ಪ್ರಿಂಟರ್ ಜೋಡಿಸಿದ್ದು ಅವಳ ಯಂತ್ರಕ್ಕೆ; ಅದಕ್ಕೆ ಅವಳಿಟ್ಟ ಹೆಸರು ‘ಗಣೇಶ’. ಶನಿವಾರ ಚೆನ್ನಾಗಿ ನಡೆದದ್ದು ಆ ಬೆಳಿಗ್ಗೆ ಒಂದು ಹಾಳೆಯನ್ನೂ ಹೊರಹಾಕಲಿಲ್ಲ.

“ಎಲ್ಲ ಯಂತ್ರಗಳ ಹೆಸರು ಬರೆದಿಟ್ಟ ರಿಜಿಸ್ಟರ್ ಎಲ್ಲಿದೆ? ತೆಗೆಯಮ್ಮ,” ಎಂದೆ.

“ರಿಜಿಸ್ಟರೇ ಇಲ್ಲ ಸರ್. ನಮ್ಮ ಚಾಲ್‌ನ ಅಷ್ಟೂ ಮನೆಗಳಿಗೆ ಪೋಸ್ಟ್‌ಮನ್ ಕೆಳಗಿಂದ್ಲೇ ಹೆಸರು ಕೂಗ್ತಾನಲ್ಲ, ಹಾಗೆ. ಆ ಹೆಸರಿನವ್ರು ಮಾತ್ರ ಓ ಅಂತಾರೆ. ಆನ್ ಮಾಡಿದ ಕೂಡ್ಲೆ ಪ್ರತಿ ಮಷೀನೂ ಪೆಹಲೆ ತನ್ನ ಹೆಸರು ಕೂಗತ್ತೆ. ಯಾರೂ ‘ಅದು ನಂದು’ ಅನ್ನದಿದ್ರೆ ಇಟ್ಕೊಳ್ಳತ್ತೆ.”

ರಿಜಿಸ್ಟರಿಲ್ಲದ ವ್ಯವಸ್ಥೆ ನನಗೆ ಹಿಡಿಸಲಿಲ್ಲ. ಆದರೆ ಕೈಗೆತ್ತಿಕೊಂಡದ್ದನ್ನು ನಡುವೆ ಬಿಡುವವನು ನಾನಲ್ಲ.

“ನಾಲ್ಕನ್ನೂ ಆಫ್ ಮಾಡು. ಒಂದೊಂದಾಗಿ ಶುರು ಮಾಡೋಣ. ನಿನ್ನದು ಮೊದಲು.”

ಕಾಗದಕ್ಕೆ ಗೆರೆ ಎಳೆದು ಒಂದೊಂದರ ಸಮಯ ಬರೆಯುತ್ತ ಕುಳಿತೆ. ಮೂರು ಯಂತ್ರಗಳು ಸರಿಯಾಗಿ ಎದ್ದವು. ನಾಲ್ಕನೆಯದು ಸ್ಟೋರಿನದು. ಈ ಹೆಸರು ಆಗಲೇ ಬೇರೆಯವರ ಬಳಿ ಇದೆ ಎಂಬ ಸೂಚನೆ ಅದರ ಪರದೆಯ ಮೇಲೆ ಮೂಡಿತು.

“ಅಂಕಲ್, ನೀವೂ ‘ಗಣೇಶ’ ಅಂತಲೇ ಇಟ್ರಾ?” ಎಂದು ಅವಳು ಸ್ಟೋರ್‌ಕೀಪರನ್ನು ಕೇಳಿದಳು.

“ಮತ್ತೆಂತ? ಅವನ ಹೆಸರು ಬರೆಯದೆ ನಾನು ಹೊಸ ಪುಸ್ತಕಕ್ಕೂ ಕೈ ಹಾಕುದಿಲ್ಲ. ಶನಿವಾರ ನೀನು ಹೋದ ಮೇಲೆ ನಾನೇ ಬದಲಿಸಿದ್ದು.”

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಅವರು. ಹೆಸರು ಅವರ ಯಂತ್ರದ ಪಾಲಾಗಿತ್ತು. ‘ಗಣೇಶ’ ಎಂದು ಯಾರು ಕೂಗಿದರೂ ಪ್ರಿಂಟರೇ ಇಲ್ಲದ ಸ್ಟೋರು ಓಗೊಡುತ್ತಿತ್ತು. ಆಗ ಇವಳ ಪರದೆಯಲ್ಲೂ ಅದೇ ಸೂಚನೆ ಬಂದಿತ್ತಂತೆ. ಗಾಬರಿಯಲ್ಲಿ ಓದದೆಯೇ ದಾಟಿಸಿದ್ದಳು.

“ನಿಮ್ಮದನ್ನು ಬದಲಿಸಿ,” ಎಂದೆ.

“ಕೂರಿಸಿದ ದೇವರನ್ನು ಎಬ್ಬಿಸ್ಲಿಕ್ಕೆ ಆಗ್ತದಾ ಸಾರ್?” ಎಂದು ಸ್ಟೋರ್‌ಕೀಪರ್ ಗಲ್ಲ ಕೆರೆದುಕೊಂಡರು. ಆಮೇಲೆ, “ಆಯ್ತು, ‘ಮೂಷಿಕ’ ಅಂತ ಇಡು ಮಗಾ. ಸ್ಟೋರಲ್ಲಿ ಹೇಗೂ ಅವ್ರದ್ದೇ ರಾಜ್ಯ.”

ಮೂಷಿಕ ಕೂಗಿತು. ಯಾರೂ ಅಡ್ಡಿ ಹೇಳಲಿಲ್ಲ. ಆದರೂ ಕ್ರಮ ಬದಲಿಸಿ ಬದಲಿಸಿ ಮೂರು ಸಲ ಎಲ್ಲವನ್ನೂ ಆರಿಸಿ ಹಚ್ಚಿಸಿದೆ.

“ಬಸ್ ಸರ್, ಇನ್ನೆಷ್ಟು?”

“ಮ್ಯಾನೇಜರ್ ಮುಂದೆ ನಿಲ್ಲಬೇಕಾದವಳು ನೀನು. ಇನ್ನೊಂದು ಸಲ.”

ಮೂರು ಗಂಟೆಗೆ ಸ್ಟೋರಿನಿಂದ ಕಳಿಸಿದ ಪಟ್ಟಿ ಅವಳ ಪ್ರಿಂಟರಿನಲ್ಲಿ ಹೊರಬಂತು. ಮ್ಯಾನೇಜರ್ ಎರಡನೆಯ ಪ್ರತಿಯನ್ನು ಎದುರಿಗೇ ತೆಗೆಸಿ ನೋಡಿದರು. ನಾಲ್ಕೂ ಐವತ್ತಕ್ಕೆ ನಾನು ಖಾಯಂ ಆದೇಶವನ್ನು ಟೈಪ್ ಮಾಡಿ, ಸಹಿ ಮಾಡಿಸಿ, ಅವಳ ಕೈಗೆ ಕೊಟ್ಟೆ. ಕಚೇರಿಯ ಪ್ರತಿಯನ್ನು ಫೈಲಿಗೆ ಪೋಣಿಸಿದೆ.